ಹಳದಿ ಚುಕ್ಕೆ ಇಟ್ಟ ನಾಲ್ಕು ಬ್ರೇಕ್ ಪ್ಯಾಡುಗಳ ವಿಚಾರ

ಮೊದಲ ಪುಟದ ಕಾಲಂನಲ್ಲಿ ಹೆಸರು ಬರೆಸಿರುವ ನಾನು, ವಯಸ್ಸು 63 ವರ್ಷ, ವೃತ್ತಿ ಬಸ್ ಡಿಪೋದಲ್ಲಿ ಸ್ಟೋರ್ ಕೀಪರ್, ಈಗ ನಿವೃತ್ತ, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿಯ ಕೊನೆಯ ಮನೆ, ನೆಲ ಅಂತಸ್ತು, ಇಂದು ದಿನಾಂಕ 15 ಶುಕ್ರವಾರ ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಮನೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ಮಗಳು ಇದ್ದೇವೆ. ಮಗಳಿಗೆ 29 ವರ್ಷ. ಹಾಸಿಗೆ ಹಿಡಿದ ರೋಗಿಗಳ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ, ಟ್ಯೂಬು ಬದಲಿಸುವ ನರ್ಸ್ ಕೆಲಸ ಅವಳದು. ದಿನಕ್ಕೆ ಏಳೆಂಟು ಮನೆ. ಕಾರಿಲ್ಲದೆ ಈ ಕೆಲಸ ಆಗುವುದಿಲ್ಲ, ಲೈಸೆನ್ಸ್ ಇಲ್ಲದೆ ಇವಳನ್ನು ಆಸ್ಪತ್ರೆಯವರು ಇಟ್ಟುಕೊಳ್ಳುವುದಿಲ್ಲ. ಕಾರು ನನ್ನ ಹೆಸರಿನಲ್ಲಿದೆ, ಹನ್ನೊಂದು ವರ್ಷ ಹಳೆಯದು. ಓಡಿಸುವುದು ಅವಳ ಕೆಲಸ, ಓಡುವಂತೆ ಇಡುವುದು ನನ್ನ ಕೆಲಸ ಎಂದು ನಮ್ಮಿಬ್ಬರ ನಡುವೆ ಮೊದಲಿನಿಂದಲೂ ಏರ್ಪಾಡು. ಕಾರಿನ ವಿಷಯದಲ್ಲಿ ಅವಳು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾಳೆ, ಆಯ್ತಾ ಎಂದು. ನಾನು ಒಂದೇ ಉತ್ತರ ಕೊಡುತ್ತೇನೆ.

ಡಿಪೋದ ಸ್ಟೋರಿನಲ್ಲಿ ನಾನು 31 ವರ್ಷ ಕೆಲಸ ಮಾಡಿದ್ದೇನೆ. ನನ್ನ ಕಿಟಕಿಯ ಮೇಲೆ, ಹಳೇ ಸಾಮಾನು ಕೊಟ್ಟು ಹೊಸದು ಪಡೆಯಿರಿ ಎಂದು ಬೋರ್ಡು ಇತ್ತು. ಬಸ್ಸಿನಿಂದ ಬಿಚ್ಚಿದ ಹಳೆಯದು ನನ್ನ ಮೇಜಿಗೆ ಬರದೆ ಹೊಸದೊಂದು ನಟ್ಟು ಕೂಡ ಹೊರಗೆ ಹೋಗುತ್ತಿರಲಿಲ್ಲ. ಹೊಸದನ್ನು ಕೊಡುವ ಮುಂಚೆ ಅದರ ಮೂಲೆಗೆ ಆ ವರ್ಷದ ಬಣ್ಣದ ಚುಕ್ಕೆ ಇಡುತ್ತಿದ್ದೆ. ಅದೇ ಸಾಮಾನು ಸವೆದು ವಾಪಸ್ ಬಂದಾಗ ಚುಕ್ಕೆ ಇರಬೇಕು. ಚುಕ್ಕೆ ಇಲ್ಲದಿದ್ದರೆ ಎಲ್ಲೋ ಕೈ ಬದಲಾಗಿದೆ ಎಂದು ಅರ್ಥ. ಇದಕ್ಕಾಗಿ ಡ್ರೈವರುಗಳು, ಫಿಟ್ಟರುಗಳು ನನ್ನನ್ನು ಹಿಂದಿನಿಂದ ಹಳೇಸಾಮಾನು ಎಂದು ಕರೆಯುತ್ತಿದ್ದರು. ಕೊನೆಯ ಹತ್ತು ವರ್ಷ ಎದುರಿಗೇ ಕರೆದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ನಿವೃತ್ತಿಯಾದ ಮೇಲೂ ಈ ಅಭ್ಯಾಸ ಬಿಟ್ಟಿಲ್ಲ. ಕಾರನ್ನು ಗ್ಯಾರೇಜಿಗೆ ಬಿಡುವ ಹಿಂದಿನ ದಿನ ಯಾವ ಭಾಗದ ಕೆಲಸವೋ ಆ ಭಾಗಕ್ಕೆ ಚುಕ್ಕೆ ಇಡುತ್ತೇನೆ. ಮೀಟರಿನ ಕಿಲೋಮೀಟರ್, ಪೆಟ್ರೋಲ್ ಮುಳ್ಳು ಎಲ್ಲಿದೆ ಎಂಬುದು, ಸ್ಟೆಪ್ನಿಯ ನಂಬರು ಬರೆದುಕೊಳ್ಳುತ್ತೇನೆ. ಏನೇನು ಮಾಡುತ್ತೀರಿ ಎಂದು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳುತ್ತೇನೆ, ಅದರ ಹೊರಗೆ ಒಂದು ಸ್ಕ್ರೂ ಮುಟ್ಟಬೇಕಾದರೂ ಫೋನ್ ಮಾಡಿ ಕೇಳಿ ಎನ್ನುತ್ತೇನೆ. ಒಂಬತ್ತು ವರ್ಷದಲ್ಲಿ ಮೂರು ಗ್ಯಾರೇಜು ಬಿಟ್ಟಿದ್ದೇನೆ. ಒಂದು ಕಡೆ ಬದಲಾಯಿಸದ ಫಿಲ್ಟರಿಗೆ ಬಿಲ್ ಹಾಕಿದ್ದರು, ಇನ್ನೊಂದು ಕಡೆ ಒಳ್ಳೆಯ ಬ್ಯಾಟರಿ ತೆಗೆದು ಬೇರೆಯವರ ಸತ್ತ ಬ್ಯಾಟರಿ ಕೂರಿಸಿದ್ದರು. ಮೂರನೆಯವರು ಏನೂ ಮೋಸ ಮಾಡಲಿಲ್ಲ, ನೀವು ದಯವಿಟ್ಟು ಬೇರೆ ಕಡೆ ಹೋಗಿ, ನಮಗೆ ತಲೆ ತಿನ್ನುವ ಗಿರಾಕಿ ಬೇಡ ಎಂದು ಅವರೇ ಕೈ ಮುಗಿದರು. ಈ ನಾಲ್ಕನೆಯ ಗ್ಯಾರೇಜು ನಮ್ಮ ಮನೆಯಿಂದ 1.9 ಕಿಲೋಮೀಟರ್, ಟೈರ್ ಅಂಗಡಿಯ ಪಕ್ಕದ ಶೆಡ್. ಇಲ್ಲಿಗೆ ಎರಡು ವರ್ಷದಿಂದ ಹೋಗುತ್ತಿದ್ದೇನೆ. ಹಳೇ ಸಾಮಾನು ಕೇಳಿದರೆ ಇಲ್ಲಿ ಮುಖ ಸಿಂಡರಿಸದೆ ಕೊಡುತ್ತಿದ್ದರು.

ಹೀಗಿರುವಲ್ಲಿ ದಿನಾಂಕ 11 ಸೋಮವಾರ ಸಂಜೆ ಮಗಳು ಕೆಲಸದಿಂದ ಬಂದವಳು ಬ್ರೇಕ್ ಒತ್ತಿದರೆ ಮುಂದಿನ ಚಕ್ರದಲ್ಲಿ ಕಬ್ಬಿಣ ಉಜ್ಜಿದ ಶಬ್ದ ಬರುತ್ತಿದೆ ಎಂದು ತಿಳಿಸಿದಳು. ಮಾರನೆಯ ದಿನ ಮಂಗಳವಾರ ಸಂಜೆ 5 ಗಂಟೆಗೆ ನಾನು ಮುಂದಿನ ಎರಡೂ ಚಕ್ರ ಬಿಚ್ಚಿ ನೋಡಿದೆನು. ಬ್ರೇಕ್ ಪ್ಯಾಡುಗಳು ಎರಡೂ ಕಡೆ ಸವೆದಿದ್ದವು, ಎಡಗಡೆಯದು ಹೆಚ್ಚು. ಗೇಟಿಗೆ ಬಳಿದು ಉಳಿದಿದ್ದ ಹಳದಿ ಆಯಿಲ್ ಪೇಂಟಿನಲ್ಲಿ ಬೆಂಕಿಕಡ್ಡಿ ಅದ್ದಿ ನಾಲ್ಕೂ ಪ್ಯಾಡುಗಳ ಹಿಂದಿನ ತಗಡಿನ ಮೇಲಂಚಿಗೆ ಒಂದೊಂದು ಚುಕ್ಕೆ ಇಟ್ಟೆನು. ಚುಕ್ಕೆ ಒಂದೊಂದೂ ಅಕ್ಕಿ ಕಾಳಿನಷ್ಟಿದೆ. ಆ ಹೊತ್ತಿಗೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, ಮಗಳ ಮದುವೆಗೆ ಗಂಡು ನೋಡುವಾಗಲೂ ಹುಡುಗನ ಕಿವಿಗೆ ಒಂದು ಚುಕ್ಕೆ ಇಟ್ಟು ಬರುತ್ತೀರಿ ನೀವು ಎಂದು ತಮಾಷೆ ಮಾಡಿದಳು. ನಾನು ಚಕ್ರ ವಾಪಸ್ ಹಾಕಿ ಕೈ ತೊಳೆದುಕೊಂಡೆನು.

ದಿನಾಂಕ 13 ಬುಧವಾರ ಮಗಳಿಗೆ ವಾರದ ರಜೆ. ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಕಾರನ್ನು ಗ್ಯಾರೇಜಿಗೆ ಬಿಟ್ಟೆನು. ಮೀಟರಿನಲ್ಲಿ 81,416 ಇತ್ತು. ಗ್ಯಾರೇಜ್ ಮಾಲೀಕರು ನೋಡಿ, ಪ್ಯಾಡು ಮಾತ್ರವಲ್ಲ, ಡಿಸ್ಕು ಎರಡೂ ಹೋಗಿದೆ, ಬ್ರೇಕ್ ಪೈಪು ಬಿರುಕು ಬಿಟ್ಟಿದೆ, ಎಂಜಿನ್ ಒಳಗೆ ಒಂದು ಸಲ ತೊಳೆಸಿಬಿಡಿ ಎಂದು ಸಲಹೆ ಕೊಟ್ಟರು. ಬ್ರೇಕ್ ಶಬ್ದಕ್ಕೂ ಎಂಜಿನ್ ತೊಳೆಯುವುದಕ್ಕೂ ಏನು ಸಂಬಂಧ, ಹಲ್ಲು ನೋವು ಎಂದು ಬಂದವನಿಗೆ ಕಿವಿ ಕೀಳುತ್ತೀರಾ ಎಂದು ನಾನು ಕೇಳಿದೆನು. ಅವರು ನಕ್ಕರು. ಕೊನೆಗೆ ಮುಂದಿನ ಪ್ಯಾಡುಗಳು ಮಾತ್ರ ಎಂದು ಕಾಗದದಲ್ಲಿ ಬರೆಸಿಕೊಂಡೆನು. ಹಳೆಯ ಪ್ಯಾಡುಗಳು ವಾಪಸ್ ಬೇಕು ಎಂದು ಕೆಳಗೆ ನಾನೇ ಬರೆದೆನು. ಬಿಲ್ಲು ಬರೆಯುವ ಹೆಂಗಸು ಅದನ್ನು ಓದಿ, ನೀವು ಬರೀದೇ ಇದ್ರೂ ನಮಗೆ ಗೊತ್ತು ಸಾರ್ ಎಂದರು.

ಅದೇ ದಿನ ಸಂಜೆ 5 ಗಂಟೆ 35 ನಿಮಿಷಕ್ಕೆ ಕಾರನ್ನು ಬಿಡಿಸಿಕೊಂಡೆನು. ಬಿಲ್ಲಿನಲ್ಲಿ ಮುಂದಿನ ಬ್ರೇಕ್ ಪ್ಯಾಡ್ ಹೊಸದು ಒಂದು ಸೆಟ್ ಎಂದು ಬರೆದಿತ್ತು. ಹಳೆಯ ಪ್ಯಾಡುಗಳನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಹಿಂದಿನ ಸೀಟಿನಲ್ಲಿ ಇಟ್ಟಿದ್ದರು. ಹಳೇ ಸಾಮಾನು ತಲುಪಿದೆ, ಕೆಲಸ ತೃಪ್ತಿಕರ ಎಂಬ ರಿಜಿಸ್ಟರಿಗೆ ನಾನು ಸಹಿ ಹಾಕಿದೆನು. ಡಬ್ಬಿ ತೆರೆಯದೆ ಸಹಿ ಹಾಕಿದೆನು. 31 ವರ್ಷದಲ್ಲಿ ಡಬ್ಬಿ ತೆರೆಯದೆ ನಾನು ಎಂದೂ ಸಹಿ ಹಾಕಿದವನಲ್ಲ. ಅಂದು ನನಗೆ ಮಂಡಿ ನೋಯುತ್ತಿತ್ತು, ಬೇಗ ಮನೆ ಸೇರಿದರೆ ಸಾಕಾಗಿತ್ತು. ದಾರಿಯಲ್ಲಿ ಬ್ರೇಕ್ ಹಿಡಿಯುತ್ತಿತ್ತು, ಶಬ್ದ ಇರಲಿಲ್ಲ. ಈ ರಸ್ತೆ ಸಮತಟ್ಟು, ಇಳಿಜಾರು ಇಲ್ಲ.

ಮನೆಗೆ ಬಂದು ಬಟ್ಟೆ ಬದಲಿಸಿ, ಡಬ್ಬಿ ತೆರೆದದ್ದು ಸಂಜೆ 6 ಗಂಟೆ 20 ನಿಮಿಷಕ್ಕೆ. ಇಲ್ಲಿ ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ರೈಟರ್ ಅವರು ಸುಮಾರು ಎಂದು ಸೇರಿಸಲು ಹೋದಾಗ ನಾನು ಬೇಡವೆಂದು ತಿಳಿಸಿರುತ್ತೇನೆ. 6 ಗಂಟೆ 20 ನಿಮಿಷ. ಡಬ್ಬಿಯಲ್ಲಿ ನಾಲ್ಕು ಪ್ಯಾಡುಗಳಿದ್ದವು. ನಮ್ಮ ಕಾರಿಗೆ ಹೊಂದುವ ಆಕಾರವೇ, ಆದರೆ ತಗಡು ಕಾಣುವಷ್ಟು ಸವೆದಿದ್ದವು, ನಮ್ಮವು ಅಷ್ಟು ಸವೆದಿರಲಿಲ್ಲ. ನಾಲ್ಕರಲ್ಲಿ ಎರಡು ಬೇರೆ ಕಂಪನಿಯವು. ಯಾವುದರ ಮೇಲೂ ಹಳದಿ ಚುಕ್ಕೆ ಇರಲಿಲ್ಲ. ಗ್ಯಾರೇಜಿನ ಹಿಂಭಾಗದಲ್ಲಿ ಹಳೆಯ ಸಾಮಾನು ಎಸೆಯುವ ಒಂದು ಡ್ರಮ್ಮು ಇದೆ. ಇವು ಅಲ್ಲಿಂದ ಬಂದವು ಎಂದು ನಾನು ಅಂದುಕೊಂಡೆನು, ಕಣ್ಣಾರೆ ನೋಡಿಲ್ಲ.

ನಂತರ ಟಾರ್ಚ್ ತೆಗೆದುಕೊಂಡು ಹೊರಗೆ ಹೋಗಿ ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿ ಮುಂದಿನ ಎಡ ಚಕ್ರದ ಕಿಂಡಿಯಲ್ಲಿ ಬೆಳಕು ಬಿಟ್ಟೆನು. ಒಳಗೆ ನನ್ನ ಹಳದಿ ಚುಕ್ಕೆ ಕಂಡಿತು. ಬಲ ಚಕ್ರದಲ್ಲೂ ಕಂಡಿತು. ಕಾರಿನಲ್ಲಿ ಇದ್ದದ್ದು ನಮ್ಮ ಹಳೆಯ ಪ್ಯಾಡುಗಳೇ. ಧೂಳು ಉಜ್ಜಿ ತೆಗೆದು ಗ್ರೀಸ್ ಹಚ್ಚಿದ್ದರು. ಹಾಗೆ ಮಾಡಿದರೆ ನಾಲ್ಕು ದಿನ ಶಬ್ದ ಬರುವುದಿಲ್ಲ, ಆದರೆ ಇಳಿಜಾರಿನಲ್ಲಿ ಬಿಸಿಯಾಗಿ ಗ್ರೀಸ್ ಕರಗಿ ಪ್ಯಾಡಿಗೆ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ ಎಂಬುದು ಡಿಪೋದಲ್ಲಿ ಎಲ್ಲರಿಗೂ ಗೊತ್ತು.

ಈಗ ಹೇಳುವ ಮಾತನ್ನು ಬರೆಯುವ ಅಗತ್ಯವಿಲ್ಲವೆಂದು ರೈಟರ್ ಅವರು ಹೇಳಿದರು. ನಾನು ಬರೆಸುತ್ತಿದ್ದೇನೆ. ಆ ಚುಕ್ಕೆ ಕಂಡಾಗ ನನಗೆ ಸಂತೋಷವಾಯಿತು. ನಿವೃತ್ತಿಯಾದ ಮೇಲೆ ಅಷ್ಟು ಸಂತೋಷ ಆಗಿದ್ದು ನೆನಪಿಲ್ಲ. ಸಿಕ್ಕಿಬಿದ್ದರಲ್ಲ ಎಂದು ಗೋಣಿಚೀಲದ ಮೇಲೆ ಮಲಗಿಕೊಂಡೇ ಒಂದು ನಿಮಿಷ ನಕ್ಕಿದ್ದೇನೆ. ಎಲ್ಲರೂ ಗೇಲಿ ಮಾಡಿದ ಚುಕ್ಕೆ ಕೊನೆಗೂ ಕೆಲಸಕ್ಕೆ ಬಂತು ಅನ್ನಿಸಿತು.

ನನ್ನ ಯೋಜನೆ ಹೀಗಿತ್ತು. ಆಗಲೇ ಗ್ಯಾರೇಜಿಗೆ ಹೋದರೆ ಅಯ್ಯೋ ಮರೆತುಹೋಯಿತು ಎಂದು ಹತ್ತೇ ನಿಮಿಷದಲ್ಲಿ ಹೊಸದು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಸಾಕ್ಷಿ ಹೋಗುತ್ತದೆ. ಡಿಪೋದಲ್ಲಿ ಅನುಮಾನದ ಸಾಮಾನನ್ನು ಇಬ್ಬರು ಸಾಕ್ಷಿಗಳ ಎದುರು ಮಾತ್ರ ಬಿಚ್ಚುವುದು, ಅಲ್ಲಿಯವರೆಗೆ ಯಾರೂ ಮುಟ್ಟಬಾರದು ಎಂಬ ಕ್ರಮವಿತ್ತು. ಅದರಂತೆ ಮಾರನೆಯ ಬೆಳಿಗ್ಗೆ ನಮ್ಮ ಡಿಪೋದ ನಿವೃತ್ತ ಫೋರ್‌ಮನ್ ಅವರನ್ನು, ಎದುರು ಮನೆಯವರನ್ನು ಸಾಕ್ಷಿಗೆ ಕರೆದುಕೊಂಡು 9 ಗಂಟೆ 30 ನಿಮಿಷಕ್ಕೆ ಗ್ಯಾರೇಜ್ ಬಾಗಿಲು ತೆರೆಯುತ್ತಲೇ ಮಾಲೀಕರ ಮುಂದೆ ಚಕ್ರ ಬಿಚ್ಚಿಸುವುದು ಎಂದು ತೀರ್ಮಾನಿಸಿದೆನು. ಮಗಳ ಮೊದಲ ರೋಗಿ ಹತ್ತು ಗಂಟೆಯ ನಂತರ. ಅಷ್ಟರೊಳಗೆ ಎಲ್ಲ ಮುಗಿಯುತ್ತದೆ ಎಂದು ಲೆಕ್ಕ ಹಾಕಿದೆನು.

ಕಾರಿನ ಕೀಲಿಯನ್ನು ನಾನು ಜೇಬಿನಲ್ಲಿ ಇಟ್ಟುಕೊಳ್ಳಬಹುದಾಗಿತ್ತು. ಇಟ್ಟುಕೊಳ್ಳಲಿಲ್ಲ. ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಿದೆನು. ಅದು ಕೀಲಿಯ ಜಾಗ. ಯಾವ ಸಾಮಾನೂ ಅದರ ಜಾಗದಲ್ಲಿ ಇರಬೇಕು ಎಂಬುದು ನನ್ನ ಅಭ್ಯಾಸ, ಬೇರೆ ಏನೂ ಕಾರಣವಿಲ್ಲ.

ಅದೇ ಸಂಜೆ 7 ಗಂಟೆ 5 ನಿಮಿಷಕ್ಕೆ ಮಗಳು ಬಟ್ಟೆ ಇಸ್ತ್ರಿ ಮಾಡುತ್ತಾ ನನ್ನನ್ನು ಕೇಳಿದಳು.

“ಅಪ್ಪಾ, ಬ್ರೇಕ್ ಆಯ್ತಾ?”

“ಆಯ್ತು,” ಎಂದೆನು.

ಬಿಲ್ಲಿನಲ್ಲಿ ಆಗಿತ್ತು. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ನಿಜ ಹೇಳಿದರೆ ಅವಳು ಸುಮ್ಮನಿರುವವಳಲ್ಲ, ಮುಂಗೋಪಿ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಆಗಲೇ ಗ್ಯಾರೇಜಿಗೆ ಫೋನ್ ಮಾಡಿ ಕೂಗಾಡುತ್ತಿದ್ದಳು. ಅವರು ಎಚ್ಚರವಾಗಿಬಿಡುತ್ತಿದ್ದರು. ನಾಳೆ ಬೆಳಿಗ್ಗೆ ತಂದು ಅವಳ ಮುಂದೆ ಇಡೋಣ, ಆಗ ನೋಡಲಿ ಎಂದು ನನಗೆ ಆಸೆಯೂ ಇತ್ತು. ಅವಳು ಸರಿ ಎಂದು ಇಸ್ತ್ರಿ ಮುಂದುವರಿಸಿದಳು. ಹೆಂಡತಿಗೂ ನಾನು ಏನೂ ಹೇಳಲಿಲ್ಲ.

ದಿನಾಂಕ 14 ಗುರುವಾರ ಬೆಳಿಗ್ಗೆ 6 ಗಂಟೆ 25 ನಿಮಿಷಕ್ಕೆ ಮನೆಯಿಂದ ಹೊರಟು ಫೋರ್‌ಮನ್ ಅವರ ಮನೆಗೆ ನಡೆದು ಹೋದೆನು. ದೂರ 800 ಮೀಟರ್. ಅವರು 7 ಗಂಟೆಗೆ ವಾಕಿಂಗ್ ಹೋದರೆ ಮತ್ತೆ ಕೈಗೆ ಸಿಗುವುದಿಲ್ಲವೆಂದು ಬೇಗ ಹೋಗಿದ್ದೆನು. ನಾನು ಎಲ್ಲವನ್ನೂ ವಿವರವಾಗಿ ಹೇಳಿದೆನು. ಡಬ್ಬಿಯನ್ನೂ ತೆಗೆದುಕೊಂಡು ಹೋಗಿದ್ದೆನು. ಅವರು ಒಂದು ಪ್ಯಾಡನ್ನು ಕೈಯಲ್ಲಿ ತಿರುಗಿಸಿ ನೋಡಿ, ಲೇ ಹಳೇಸಾಮಾನು, ನೀನು ಸತ್ತ ಮೇಲೂ ನಿನ್ನ ಹೆಣಕ್ಕೆ ಚುಕ್ಕೆ ಇಟ್ಟಿದ್ದಾರೋ ಇಲ್ಲವೋ ಎಂದು ಎದ್ದು ನೋಡುತ್ತೀಯ ಎಂದು ನಕ್ಕರು. ನಾನೂ ನಕ್ಕೆನು. ಆಮೇಲೆ ಅವರು ನಗು ನಿಲ್ಲಿಸಿ, ಕಾರು ಈಗ ಎಲ್ಲಿದೆ ಎಂದು ಕೇಳಿದರು. ಮನೆ ಮುಂದೆ ಎಂದೆನು. ಕೀಲಿ ಎಲ್ಲಿದೆ ಎಂದು ಕೇಳಿದರು.

ನಾನು ಎದ್ದೆನು. ಡಬ್ಬಿಯನ್ನು ಅವರ ಮೇಜಿನ ಮೇಲೆಯೇ ಬಿಟ್ಟೆನು. ಮಂಡಿ ನೋವಿನಿಂದ ಓಡಲು ಆಗುವುದಿಲ್ಲ, ಆದಷ್ಟು ಬೇಗ ನಡೆದೆನು. ಮನೆ ಮುಂದೆ ಬಂದಾಗ 7 ಗಂಟೆ 4 ನಿಮಿಷ. ಕಾರು ಇರಲಿಲ್ಲ. ಅದು ನಿಲ್ಲುವ ಜಾಗದಲ್ಲಿ ನನ್ನ ಗೋಣಿಚೀಲ ಬಿದ್ದಿತ್ತು, ಅದರ ಮೇಲೆ ಚಕ್ರದ ಗುರುತಿತ್ತು.

ಹೆಂಡತಿಯನ್ನು ಕೇಳಲಾಗಿ, ರೋಗಿಯೊಬ್ಬರ ಟ್ಯೂಬು ಕಟ್ಟಿಕೊಂಡಿದೆ, ತುಂಬಾ ಒದ್ದಾಡುತ್ತಿದ್ದಾರೆ ಎಂದು 6 ಗಂಟೆ 50 ನಿಮಿಷಕ್ಕೆ ಮಗಳಿಗೆ ಫೋನ್ ಬಂತು, ಕಾಫಿಯನ್ನು ಅರ್ಧ ಕುಡಿದು 7 ಗಂಟೆಗೆ ಹೊರಟಳು ಎಂದು ತಿಳಿಸಿದಳು. ಹೊರಡುವಾಗ ಬ್ರೇಕ್ ಹೇಗಿದೆಯೋ ನೋಡಿಕೋ ಎಂದು ಹೆಂಡತಿ ಹೇಳಿದ್ದಕ್ಕೆ, ಅಪ್ಪ ಮಾಡಿಸಿದ್ದಾನೆ ಬಿಡು ಎಂದು ಹೇಳಿ ಹೋದಳಂತೆ. ನಾನು ಮಗಳ ಮೊಬೈಲಿಗೆ ಕರೆ ಮಾಡಿದೆನು. ಎತ್ತಲಿಲ್ಲ. 7 ಗಂಟೆ 5 ನಿಮಿಷದಿಂದ 7 ಗಂಟೆ 11 ನಿಮಿಷದವರೆಗೆ ಆರು ಸಲ ಮಾಡಿದ್ದೇನೆ, ನನ್ನ ಫೋನಿನಲ್ಲಿ ದಾಖಲೆಯಿದೆ. ಗಾಡಿ ಓಡಿಸುವಾಗ ಯಾರ ಫೋನ್ ಬಂದರೂ ಎತ್ತಬಾರದು, ನನ್ನದು ಬಂದರೂ ಎತ್ತಬಾರದು ಎಂದು ಅವಳಿಗೆ ಕಲಿಸಿದವನು ನಾನೇ.

7 ಗಂಟೆ 19 ನಿಮಿಷಕ್ಕೆ ಅವಳ ಫೋನಿನಿಂದ ಕರೆ ಬಂತು. ಮಾತನಾಡಿದವರು ಬೇರೆ ಯಾರೋ ಗಂಡಸು. ಪಂಪ್‌ಹೌಸ್ ಇಳಿಜಾರಿನ ಕೆಳಗೆ ಕಾರು ಕಾಂಪೌಂಡ್ ಗೋಡೆಗೆ ಹೊಡೆದಿದೆ, ಸೈಕಲ್‌ನವರೊಬ್ಬರಿಗೆ ಪೆಟ್ಟಾಗಿದೆ, ಬೇಗ ಬನ್ನಿ ಎಂದರು. ನಮ್ಮ ಮನೆಯಿಂದ ಆ ಜಾಗಕ್ಕೆ 2.3 ಕಿಲೋಮೀಟರ್. ಎದುರು ಮನೆಯವರು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಅವರನ್ನು ನಾನು ಸಾಕ್ಷಿಗೆಂದು ಕರೆಯಬೇಕೆಂದಿದ್ದೆನು.

ಜಾಗದಲ್ಲಿ ನೋಡಿದ್ದು: ಕಾರಿನ ಮುಂಭಾಗ ಎಡಗಡೆ ಗೋಡೆಗೆ ನುಗ್ಗಿತ್ತು. ರಸ್ತೆಯ ಮೇಲೆ ಬ್ರೇಕ್ ಹಿಡಿದ ಟೈರಿನ ಗುರುತು ಎಲ್ಲಿಯೂ ಇರಲಿಲ್ಲ. ಇಳಿಜಾರಿನ ಉದ್ದ ನಾನು ಹೆಜ್ಜೆಯಲ್ಲಿ ಅಳೆದಂತೆ 140 ಮೀಟರ್. ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ ಹಾಕುವವರ ಸೈಕಲ್ ಬಿದ್ದಿತ್ತು, ಬ್ರೆಡ್ ಪೊಟ್ಟಣಗಳು ಚರಂಡಿಯವರೆಗೆ ಚೆಲ್ಲಿದ್ದವು. ಮಗಳನ್ನೂ ಅವರನ್ನೂ ಒಂದೇ ಆಂಬ್ಯುಲೆನ್ಸಿನಲ್ಲಿ ಆಗಲೇ ಕರೆದುಕೊಂಡು ಹೋಗಿದ್ದರು. ಡ್ರೈವರ್ ಸೀಟಿನ ಕೆಳಗೆ ಮಗಳ ಒಂದು ಚಪ್ಪಲಿ ಇತ್ತು. ಅದನ್ನು ಎತ್ತಿಕೊಂಡೆನು. ಅದನ್ನು ಬಿಟ್ಟರೆ ಕಾರಿನಲ್ಲಿ ಬೇರೇನನ್ನೂ ನಾನು ಮುಟ್ಟಿಲ್ಲ.

ಆಸ್ಪತ್ರೆಯಲ್ಲಿ ತಿಳಿದುಬಂದಂತೆ ಮಗಳಿಗೆ ಬಲ ಮಣಿಕಟ್ಟು ಮತ್ತು ಎರಡು ಪಕ್ಕೆಲುಬು ಮುರಿದಿದೆ. ಬ್ರೆಡ್ಡಿನವರಿಗೆ ಎಡಗಾಲಿನ ಮೂಳೆ ಮುರಿದಿದೆ. ಇಬ್ಬರ ಜೀವಕ್ಕೂ ಅಪಾಯವಿಲ್ಲವೆಂದು ಡಾಕ್ಟರ್ ಹೇಳಿರುತ್ತಾರೆ. ಬ್ರೆಡ್ಡಿನವರನ್ನು ನಾನು ಕಂಡು ಮಾತನಾಡಿಸಿದೆನು. ಇಳಿಜಾರಿನ ಮೇಲಿನಿಂದಲೇ ಕಾರಿನವರು ಒಂದೇ ಸಮನೆ ಹಾರನ್ ಒತ್ತುತ್ತಾ ಬಂದರು, ನಾನು ತಿರುಗಿ ನೋಡುವಷ್ಟರಲ್ಲಿ ಪಕ್ಕಕ್ಕೆ ಎಳೆದುಕೊಂಡು ಗೋಡೆಗೆ ಗುದ್ದಿಸಿದರು, ನನಗೆ ತಾಗಿದ್ದು ಕಾರಿನ ಹಿಂಭಾಗ, ಆ ಯಮ್ಮ ಹಾಗೆ ಎಳೆಯದಿದ್ದರೆ ನಾನು ಈಗ ಮಾತಾಡುತ್ತಿರಲಿಲ್ಲ ಎಂದು ಅವರು ಹೇಳಿದರು. ಅವರ ಹೇಳಿಕೆಯನ್ನು ಇನ್ನೂ ಯಾರೂ ಪಡೆದಿಲ್ಲ. ಪಡೆಯಬೇಕೆಂದು ಕೋರುತ್ತೇನೆ.

ಆದರೆ ಅದೇ ದಿನ 11 ಗಂಟೆಗೆ ಮಗಳು ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ, ವಾಹನದಲ್ಲಿ ಯಾವ ದೋಷವೂ ಇರಲಿಲ್ಲ, ಹಿಂದಿನ ದಿನವೇ ತಂದೆಯವರು ಹೊಸ ಬ್ರೇಕ್ ಹಾಕಿಸಿದ್ದರು, ತಪ್ಪು ನನ್ನದೇ ಎಂದು ಬರೆಸಿ ಎಡಗೈ ಹೆಬ್ಬೆಟ್ಟು ಒತ್ತಿದ್ದಾಳೆ. ನಾನು ಅಲ್ಲಿಯೇ ಮಂಚದ ಕಾಲ ಬಳಿ ನಿಂತಿದ್ದೆನು. ಪೊಲೀಸರು ಹೋದ ಮೇಲೆ ಅವಳು ನನಗೆ ಹೇಳಿದ ಮಾತು ಇದು:

“ನೀನು ನಿಂತು ಮಾಡ್ಸಿದ ಬ್ರೇಕು ಅಪ್ಪಾ, ಹಿಡೀದೆ ಇರೋಕೆ ಸಾಧ್ಯಾನೇ ಇಲ್ಲ. ನಾನೇ ಗಾಬರೀಲಿ ಪಕ್ಕದ ಪೆಡಲ್ ಒತ್ಬಿಟ್ಟಿದೀನಿ ಅನ್ಸುತ್ತೆ. ಕಾರು ಹಾಳ್ ಮಾಡ್ಬಿಟ್ಟೆ, ಬೈಬೇಡ.”

ನಾನು ಬೈಯಲಿಲ್ಲ. ಹೊದಿಕೆ ಸರಿ ಮಾಡಿದೆನು. ನೀರು ಬೇಕಾ ಎಂದು ಕೇಳಿದೆನು.

ಮಧ್ಯಾಹ್ನ 1 ಗಂಟೆಗೆ ಗ್ಯಾರೇಜ್ ಮಾಲೀಕರು ಹಣ್ಣಿನ ರಸದ ಪೊಟ್ಟಣಗಳನ್ನು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. 20 ನಿಮಿಷ ಕುಳಿತರು. ಮಗಳ ತಲೆ ಸವರಿ, ನಮ್ಮ ಮನೆ ಮಗಳ ಹಾಗೆ ಎಂದರು. ನಂತರ ನನ್ನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ, ಕೆಲಸ ತೃಪ್ತಿಕರ ಎಂದು ರಿಜಿಸ್ಟರಿನಲ್ಲಿ ನಿಮ್ಮ ಸಹಿ ಇದೆ, ಹಳೇ ಸಾಮಾನೂ ನಿಮ್ಮ ಕೈ ಸೇರಿದೆ, ಮಗಳೇ ತಪ್ಪು ಒಪ್ಪಿಕೊಂಡಿದ್ದಾಳಂತೆ, ಇನ್ನು ಕಾರನ್ನು ಠಾಣೆಯ ಅಂಗಳದಲ್ಲಿ ಬಿಸಿಲಿಗೆ ಯಾಕೆ ಬಿಡುತ್ತೀರಿ, ನನ್ನ ಶೆಡ್ಡಿಗೆ ಎಳೆಸಿಕೊಂಡು ಹೋಗಿ ಇಡುತ್ತೇನೆ, ನೀವು ಒಂದು ಒಪ್ಪಿಗೆ ಪತ್ರ ಕೊಡಿ ಎಂದು ಕೇಳಿದರು. ಇದು ಅವರಿಗೆ ಗೊತ್ತಿದ್ದೇ ನಡೆಯಿತೋ, ಚಕ್ರ ಬಿಚ್ಚಿದ ಮೆಕ್ಯಾನಿಕ್ ಅವರ ಕಣ್ಣಿಗೂ ಮಣ್ಣೆರಚಿ ಹೊಸ ಪ್ಯಾಡು ಬೇರೆ ಕಡೆ ಮಾರಿಕೊಂಡನೋ ನನಗೆ ತಿಳಿಯದು. ನೋಡದ್ದನ್ನು ನಾನು ಬರೆಸುವುದಿಲ್ಲ. ಪತ್ರ ಕೊಡಲಿಲ್ಲ.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆನು. ಡಬ್ಬಿ, ಚುಕ್ಕೆ, ಟಾರ್ಚು, ಸಾಕ್ಷಿಗಳು, ಒಂದನ್ನೂ ಬಿಡದೆ ಹೇಳಿದೆನು. ಅವಳು ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

“ಕೈಲಿ ಟಾರ್ಚ್ ಇತ್ತಲ್ರೀ, ಬಾಯಿ ಇರ್ಲಿಲ್ವಾ?”

ಆಮೇಲೆ ಅವಳು ನನ್ನೊಂದಿಗೆ ಮಾತನಾಡಿಲ್ಲ. ಊಟಕ್ಕೆ ತಟ್ಟೆ ಇಟ್ಟಳು. ನಮ್ಮ ಮದುವೆಯಾಗಿ 34 ವರ್ಷ, ಅವಳು ಕೂಗಾಡಿದ ದಿನಗಳೆಲ್ಲ ಇದಕ್ಕಿಂತ ಒಳ್ಳೆಯವು.

ಈ ಹೇಳಿಕೆಯ ಮೂಲಕ ನಾನು ಕೇಳಿಕೊಳ್ಳುವುದು ಮೂರು ವಿಷಯ. ಠಾಣೆಯ ಅಂಗಳದಲ್ಲಿ ಬೇಲಿಯ ಪಕ್ಕ ನಿಲ್ಲಿಸಿರುವ ನಮ್ಮ ಕಾರಿನ ಮುಂದಿನ ಚಕ್ರಗಳನ್ನು ವಾಹನ ಇನ್‌ಸ್ಪೆಕ್ಟರ್ ಅವರ ಮುಂದೆ ಮಾತ್ರ ಬಿಚ್ಚಬೇಕು. ಬಿಚ್ಚಿದಾಗ ಪ್ರತಿ ಪ್ಯಾಡಿನ ಹಿಂದಿನ ತಗಡಿನ ಮೇಲಂಚಿನಲ್ಲಿ, ಶಾಖಕ್ಕೆ ಕಂದಿದ್ದರೂ, ಹಳದಿ ಚುಕ್ಕೆ ಕಾಣುತ್ತದೆ. ಆ ಬಣ್ಣ ನಮ್ಮ ಮನೆಯ ಗೇಟಿನದು, ಹೋಲಿಸಿ ನೋಡಬಹುದು. ಗ್ಯಾರೇಜಿನವರು ಕೊಟ್ಟ ರಟ್ಟಿನ ಡಬ್ಬಿ ಫೋರ್‌ಮನ್ ಅವರ ಮೇಜಿನ ಮೇಲಿದೆ, ತರಿಸಿಕೊಳ್ಳಬೇಕು. ಮೂರನೆಯದು, ನನ್ನ ಮಗಳ ಮೇಲೆ ಅಜಾಗರೂಕತೆಯ ಚಾಲನೆ ಎಂದು ಹಾಕಲು ಹೊರಟಿರುವ ಕೇಸು ಕೈಬಿಡಬೇಕು. ಅವಳ ಲೈಸೆನ್ಸ್ ಹೋದರೆ ಅವಳ ಕೆಲಸ ಹೋಗುತ್ತದೆ. ಅವಳು ಪಕ್ಕದ ಪೆಡಲ್ ಒತ್ತಿಲ್ಲ. ಒತ್ತಬೇಕಾದ್ದನ್ನೇ ಒತ್ತಿದ್ದಾಳೆ, ಅದರ ಕೆಳಗೆ ಏನೂ ಇರಲಿಲ್ಲ.

ಇಷ್ಟು ಬರೆದ ಮೇಲೆ ರೈಟರ್ ಅವರು ಪೆನ್ನು ಕೆಳಗಿಟ್ಟು, ಸಂಜೆ 6 ಗಂಟೆ 20 ನಿಮಿಷಕ್ಕೆ ನೀವು ನೋಡಿದ್ದು, ಮಗಳಿಗೆ ಆಯಿತು ಎಂದದ್ದು, ಇವೆರಡನ್ನು ಬಿಟ್ಟುಬಿಡಿ ಯಜಮಾನ್ರೇ, ಅಪಘಾತದ ಮೇಲೆ ಚಕ್ರದಲ್ಲಿ ಚುಕ್ಕೆ ಕಂಡಿತು ಎಂದರೂ ಗ್ಯಾರೇಜಿನ ಮೇಲೆ ಕೇಸು ನಿಲ್ಲುತ್ತದೆ, ಇದನ್ನು ಬರೆಸಿದರೆ ಗೊತ್ತಿದ್ದೂ ಗಾಡಿಯನ್ನು ರಸ್ತೆಗೆ ಬಿಟ್ಟಿರಿ ಎಂದು ನಿಮ್ಮ ಮೇಲೂ ಬರುತ್ತದೆ, ಈ ವಯಸ್ಸಿನಲ್ಲಿ ಕೋರ್ಟು ಅಲೆಯುತ್ತೀರಾ ಎಂದು ಒಳ್ಳೆಯ ಮನಸ್ಸಿನಿಂದ ತಿಳಿಸಿದರು. ಅವರಿಗೆ ನಾನು ಋಣಿ. ಆದರೆ ನಾನು ಗ್ಯಾರೇಜಿನವರನ್ನು ಹಿಡಿಯುವುದು ಬಿಲ್ಲಿನಲ್ಲಿ ಒಂದು, ಚಕ್ರದಲ್ಲಿ ಇನ್ನೊಂದು ಇದೆ ಎಂದು. ನನ್ನ ಹೇಳಿಕೆಯಲ್ಲೂ ಹಾಗೇ ಇದ್ದರೆ ನನಗೂ ಅವರಿಗೂ ಏನು ವ್ಯತ್ಯಾಸ? ಅದೂ ಅಲ್ಲದೆ, ಅವರು ಮಾಡಿದ ಮೋಸ 6 ಗಂಟೆ 20 ನಿಮಿಷಕ್ಕೆ ನನಗೆ ಸಿಕ್ಕಿಬಿದ್ದಿತ್ತು. ಆಮೇಲಿನ ಹನ್ನೆರಡು ಗಂಟೆ 40 ನಿಮಿಷ ಆ ಕಾರು ನನ್ನ ವಶದಲ್ಲಿತ್ತು. ಬರೆಯಿರಿ ಎಂದೆನು, ಅವರು ಬರೆದರು.

ಮಗಳಿಗೆ ಇದುವರೆಗೆ ನಾನು ಹೇಳಿಲ್ಲ. ನಿನ್ನೆ ಎರಡು ಸಲ ಹೋಗಿದ್ದೆನು, ಇಂದು ಬೆಳಿಗ್ಗೆ ಒಂದು ಸಲ. ಮೂರು ಸಲವೂ ಚಪ್ಪಲಿಯನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿ ಹಾಗೇ ವಾಪಸ್ ತಂದಿದ್ದೇನೆ. ಅವಳು ಇನ್ನೂ ನನ್ನ ಬಳಿ ಕ್ಷಮೆ ಕೇಳುತ್ತಿದ್ದಾಳೆ. ಇಂದು ಸಂಜೆ ಭೇಟಿಯ ಸಮಯ 4 ರಿಂದ 6. ಆದ್ದರಿಂದ ಈ ಹೇಳಿಕೆಯ ಒಂದು ನಕಲನ್ನು 3 ಗಂಟೆ 30 ನಿಮಿಷದೊಳಗೆ ನನಗೆ ಕೊಡಿಸಬೇಕು. ಅವಳ ಎದುರಿಗೆ ಕುಳಿತಾಗ ಬಾಯಿ ಬರದಿದ್ದರೆ ಮೊದಲ ಸಾಲಿನಿಂದ ಇದನ್ನೇ ಓದುತ್ತೇನೆ.

ಮೇಲೆ ಬರೆದದ್ದನ್ನು ನನಗೆ ಎರಡು ಸಲ ಓದಿ ಹೇಳಿದ್ದಾರೆ. ನಾನು ಹೇಳಿದ್ದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಎಲ್ಲವೂ ನಿಜ. ಈ ಸಲ ಪ್ರತಿ ಪುಟವನ್ನೂ ನೋಡಿಯೇ ಸಹಿ ಹಾಕಿರುತ್ತೇನೆ.

ಸ್ಥಳ: ಠಾಣೆ, ಹಿಂದಿನ ಕೋಣೆ
ದಿನಾಂಕ: 15, ಶುಕ್ರವಾರ, ಮಧ್ಯಾಹ್ನ 2 ಗಂಟೆ 55 ನಿಮಿಷ

(ಸಹಿ)
ಹೇಳಿಕೆ ಕೊಟ್ಟವರು, ನಿವೃತ್ತ ಸ್ಟೋರ್ ಕೀಪರ್

ಹೇಳಿಕೆ ಕೊಟ್ಟವರ ಸಮಕ್ಷಮ ಬರೆದುಕೊಂಡಿದ್ದೇನೆ. ನಕಲು ಒಂದನ್ನು 3 ಗಂಟೆ 10 ನಿಮಿಷಕ್ಕೆ ಕೊಡಲಾಗಿದೆ.
(ಸಹಿ)
ಠಾಣೆಯ ರೈಟರ್